ಬೆಳಗಿನ ಐದರ ಗಿರಾಕಿ

ಹನ್ನೆರಡು ವರ್ಷಗಳ ಹಿಂದೆ, ಹೊಲಿಗೆ ಯಂತ್ರ ರಿಪೇರಿಯ ಅಂಗಡಿಯೊಂದು ಎರಡು ಪಾಲಾದ ದಿನ, ಅದನ್ನು ಕಟ್ಟಿ ನಿಲ್ಲಿಸಿದ್ದ ಮುದುಕರು ಗಂಡುಮಕ್ಕಳನ್ನು ಹೊರಗೆ ಕಳಿಸಿ ಸೊಸೆಯರಿಬ್ಬರನ್ನೇ ಎದುರು ಕೂರಿಸಿಕೊಂಡರು. ಅಣ್ಣತಮ್ಮಂದಿರು ಇನ್ನು ಮುಖ ಕೊಟ್ಟು ಮಾತಾಡುವುದಿಲ್ಲ ಎಂಬುದು ಅವರಿಗೆ ಗೊತ್ತಾಗಿಹೋಗಿತ್ತು. "ಅವರಿಬ್ಬರ ಬಾಯಿಗೆ ಹೊಲಿಗೆ ಬಿತ್ತು. ನೀವಾದ್ರೂ ಬಿಚ್ಚಿಟ್ಕೊಂಡಿರಿ. ಒಬ್ಬರ ಅಂಗಡಿಗೆ ಏನಾದ್ರೂ ಕೆಡುಕು ಕಣ್ಣಿಗೆ ಬಿದ್ರೆ ಇನ್ನೊಬ್ಬರು ಅವತ್ತೇ ಹೋಗಿ ಹೇಳ್ಬೇಕು," ಎಂದರು. ಮೊದಲು ಬಾಯಿಬಿಟ್ಟದ್ದು ಹಿರಿಯ ಸೊಸೆ: "ಅವತ್ತೇ ಹೇಳ್ತೀನಿ ಮಾವ."

ಆ ಹಿರಿಯ ಸೊಸೆಗೆ ಈಗ ನಲವತ್ತೇಳು. ಬೀದಿಯ ದೀಪ ಇನ್ನೂ ಆರಿಲ್ಲ. ಅಂಗಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ಅವರು ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಮೇಜು ಹಳೆಯ ಕಾಲ್ತುಳಿತದ ಹೊಲಿಗೆ ಯಂತ್ರದ್ದು. ಮೇಲಿನ ಯಂತ್ರ ಎಂದೋ ಹೋಗಿದೆ, ಕೆಳಗಿನ ಕಬ್ಬಿಣದ ಪೆಡಲು ಹಾಗೇ ಉಳಿದಿದೆ. ಪರದೆಯ ಮೇಲಿನ ಅಂಕಿಗಳನ್ನು ಓದುವಾಗ ಅವರ ಪಾದಗಳು ಆ ಪೆಡಲನ್ನು ಮೆಲ್ಲಗೆ ತುಳಿಯುತ್ತಲೇ ಇರುತ್ತವೆ. "ಕಾಲು ನಿಂತ್ರೆ ನನ್ನ ತಲೆನೂ ನಿಲ್ಲುತ್ತೆ," ಎಂದು ನಗುತ್ತಾರೆ.

ಊರಿನಲ್ಲಿ ಯಾರದಾದರೂ ಹೊಲಿಗೆ ಯಂತ್ರ ಕೈಕೊಟ್ಟು, ಅವರು ಫೋನಿನಲ್ಲಿ ರಿಪೇರಿ ಅಂಗಡಿ ಹುಡುಕಿದರೆ, ಮೊದಲು ಈ ಅಂಗಡಿಯ ವೆಬ್‌ಸೈಟೇ ಕಣ್ಣಿಗೆ ಬೀಳಬೇಕು. ಅದನ್ನು ನೋಡಿಕೊಳ್ಳುವುದು ಇವರ ಕೆಲಸ. ಕೆಳಗೆ ಯಂತ್ರ ಬಿಚ್ಚುವ ಮೆಕ್ಯಾನಿಕ್ಕುಗಳು ಇವರನ್ನು ಕರೆಯುವುದು 'ಪುಟದಕ್ಕ' ಎಂದು. ಅಂಗಡಿಯ ಬೋರ್ಡಿನ ಮೇಲೆ ಗಂಡನ ಹೆಸರಿದೆ, ಬಿಲ್ಲಿನ ಮೇಲೂ ಅದೇ ಇದೆ. ಅರವತ್ತನಾಲ್ಕು ಪುಟಗಳ ವೆಬ್‌ಸೈಟಿನ ಪ್ರತಿ ಅಕ್ಷರ ಬರೆದವರ ಹೆಸರು ಮಾತ್ರ ಎಲ್ಲೂ ಇಲ್ಲ.

ಕಲಿಸಿದವರಾರೂ ಇಲ್ಲ. ಮೊದಲ ವರ್ಷ ದುಡ್ಡು ಕೊಟ್ಟು ಮಾಡಿಸಿದ ವೆಬ್‌ಸೈಟಿಗೆ ದಿನಕ್ಕೆ ನಾಲ್ಕು ಜನ ಬಂದರೆ ಹೆಚ್ಚು. ಅದರ ಮೇಲೆ 'ಶಟಲ್ ಜೋಡಣೆ', 'ಟೆನ್ಷನ್ ಹೊಂದಾಣಿಕೆ' ಎಂದೆಲ್ಲ ಬರೆದಿತ್ತು. ಒಂದು ದಿನ ಇವರು ಕೌಂಟರಿನ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕುಳಿತರು. ಬಂದ ಗಿರಾಕಿ ಬಾಗಿಲಲ್ಲೇ ಏನೆನ್ನುತ್ತಾರೋ ಅದನ್ನು ಅಂದಂತೆಯೇ ಬರೆದುಕೊಂಡರು. 'ಕೆಳಗಡೆ ದಾರ ಗಂಟಾಗ್ತಿದೆ.' 'ಜೀನ್ಸ್ ಹಾಕಿದ್ರೆ ಸೂಜಿ ಮುರಿಯುತ್ತೆ.' 'ಟಕಟಕ ಅಂತ ಸದ್ದು ಮಾಡ್ತಿದೆ.' ಒಂದೊಂದು ದೂರಿಗೆ ಒಂದೊಂದು ಪುಟವಾಯಿತು. "ಶಟಲ್ ಕೆಟ್ಟಿದೆ ಅಂತ ಗೊತ್ತಿದ್ರೆ ಅವರು ನಮ್ಮ ಹತ್ರ ಯಾಕೆ ಬರ್ತಾರೆ? ಅವರ ಬಾಯಲ್ಲಿ ಬರೋ ಮಾತೇ ನಮ್ಮ ಪುಟದಲ್ಲೂ ಇರ್ಬೇಕು," ಎನ್ನುತ್ತಾರೆ. ಈಗ ದಿನಕ್ಕೆ ಇನ್ನೂರಕ್ಕೂ ಹೆಚ್ಚು ಜನ ಓದುತ್ತಾರೆ. ಅವರಲ್ಲಿ ಒಂಬತ್ತೋ ಹತ್ತೋ ಮಂದಿ ಫೋನ್ ಮಾಡುತ್ತಾರೆ.

ಆದರೆ ಬೆಳಗ್ಗೆ ಎದ್ದು ಪುಟದಕ್ಕ ಮೊದಲು ನೋಡುವುದು ಈ ಅಂಕಿಗಳನ್ನಲ್ಲ. ಪಕ್ಕದ ಬೀದಿಯಲ್ಲಿ ಮೈದುನನ ಅಂಗಡಿಯಿದೆ. ಅದರ ವೆಬ್‌ಸೈಟನ್ನು ನೋಡಿಕೊಳ್ಳುವವರು ವಾರಗಿತ್ತಿ, ಇವರಿಗಿಂತ ಎಂಟು ವರ್ಷಕ್ಕೆ ಚಿಕ್ಕವರು, ಎರಡು ಅಕ್ಷರ ಹೆಚ್ಚು ಓದಿದವರು. ಐದು ಗಂಟೆಗೆ ಪುಟದಕ್ಕನ ಮೊದಲ ಭೇಟಿ ಅಲ್ಲಿಗೇ. ಏನು ಬದಲಾಯಿಸಿದ್ದಾರೆ, ಯಾವ ಹೊಸ ಪುಟ ಬಂತು, ದಾರ ಗಂಟಾಗುವ ದೂರಿಗೆ ಇಬ್ಬರಲ್ಲಿ ಯಾರು ಮೇಲೆ, ಎಲ್ಲವನ್ನೂ ಕೂದಲು ಸೀಳಿದಂತೆ ನೋಡುತ್ತಾರೆ.

"ಅವಳ ಫೋಟೋಗಳನ್ನ ನೋಡಿ. ಮೆಷಿನ್ನಿಗೂ ಮದುಮಗಳ ಮೇಕಪ್ಪು! ನಾನು ಮೂರು ರಾತ್ರಿ ಕೂತು ಬರೆದ ಪುಟ ಕೆಳಗೆ, ಅವಳು ಒಂದು ಫೋಟೋ ಹಾಕಿದ್ದು ಮೇಲೆ. ನೆಂಟರೆಲ್ಲ ಏನಂತಾರೆ ಗೊತ್ತಾ? 'ಚಿಕ್ಕವಳು ಕಂಪ್ಯೂಟರಲ್ಲಿ ಬಲು ಚುರುಕು, ಹಿರಿಯವಳು ಪಾಪ ಅಂಗಡಿಗೆ ಕೈಜೋಡಿಸ್ತಾಳೆ.' ಕೈಜೋಡಿಸೋದಂತೆ! ಹೊಟ್ಟೆಕಿಚ್ಚಿಗೆ ಮದ್ದಿದ್ರೆ ಹೇಳಿ, ನಾನೇ ಮೊದಲ ಗಿರಾಕಿ." ಇದನ್ನು ಹೇಳಲು ಅವರಿಗೆ ಯಾವ ಸಂಕೋಚವೂ ಇಲ್ಲ.

ಎರಡು ತಿಂಗಳ ಹಿಂದಿನ ಒಂದು ಬೆಳಗ್ಗೆ ವಾರಗಿತ್ತಿಯ ಅಂಗಡಿ ಹುಡುಕಾಟದಿಂದಲೇ ಮಾಯವಾಗಿತ್ತು. ಮೊದಲ ಪುಟದಲ್ಲಿಲ್ಲ, ಐದನೆಯದರಲ್ಲೂ ಇಲ್ಲ. ಪುಟದಕ್ಕ ವಿಳಾಸವನ್ನೇ ಟೈಪು ಮಾಡಿದರು, ವೆಬ್‌ಸೈಟು ತೆರೆಯಿತು. ಪೂರ್ತಿ ಹೊಸದು, ಥಳಥಳ ಹೊಳೆಯುತ್ತಿತ್ತು. ಪುಟದ ಹಿಂದೆ ಅಡಗಿರುವ ಕೋಡನ್ನು ತೆಗೆದು ನೋಡಿದಾಗ ಕಾರಣ ಸಿಕ್ಕಿತು. ವೆಬ್‌ಸೈಟನ್ನು ಹೊಸದಾಗಿ ಕಟ್ಟುವಾಗ, ಕೆಲಸ ಮುಗಿಯುವವರೆಗೆ ಹುಡುಕಾಟದಲ್ಲಿ ತೋರಿಸಬೇಡ ಎಂದು ಒಂದು ಟಿಕ್ ಹಾಕುವುದುಂಟು. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಬೇಕು. ಚಿಕ್ಕವರು ಮರೆತಿದ್ದರು. ದಿನವೂ ನೇರ ವಿಳಾಸದಿಂದಲೇ ಒಳಹೋಗುವ ಅವರಿಗೆ ತಮ್ಮ ಅಂಗಡಿ ಊರಿಗೆ ಕಾಣುತ್ತಿಲ್ಲ ಎಂಬುದು ಹೇಗೆ ತಿಳಿಯಬೇಕು?

"ಎದ್ದು ಚಪ್ಪಲಿ ಮೆಟ್ಕೊಂಡೆ. ಮೆಟ್ಟಿಲ ತನಕ ಬಂದೆ. ಹೇಳಿದ್ರಾಯ್ತು, ತಿಂಡಿ ಆಗ್ಲಿ ಅಂದ್ಕೊಂಡೆ," ಎನ್ನುತ್ತಾರೆ ಪುಟದಕ್ಕ. ತಿಂಡಿಯಾಯಿತು. ಅಂಗಡಿಯ ಫೋನು ಹೊಡೆದುಕೊಳ್ಳತೊಡಗಿತು. ಆ ದಿನ ಹದಿನಾಲ್ಕು ಕರೆ. ವಾರ ಕಳೆಯುವಷ್ಟರಲ್ಲಿ ದಿನದ ಓದುಗರು ಇನ್ನೂರರಿಂದ ಮುನ್ನೂರಹತ್ತಕ್ಕೆ ಏರಿದರು. ರಿಪೇರಿಗೆ ಬಂದ ಯಂತ್ರಗಳು ಜಾಗ ಸಾಲದೆ ಮೆಟ್ಟಿಲ ಮೇಲೂ ಸಾಲುಗಟ್ಟಿದವು. "ದೇವರು ಕಣ್ಣು ಬಿಟ್ಟ ಅಂತ ನಮ್ಮ ಯಜಮಾನ್ರು ಊರೆಲ್ಲ ಹೇಳ್ಕೊಂಡು ಬಂದ್ರು. ನಾನು ಕಣ್ಣು ಮುಚ್ಕೊಂಡಿದ್ದು ಅವರಿಗೇನು ಗೊತ್ತು?"

ಆದರೂ ಬೆಳಗಿನ ಐದರ ಭೇಟಿ ತಪ್ಪಲಿಲ್ಲ. ವಾರಗಿತ್ತಿಯ ವೆಬ್‌ಸೈಟನ್ನು ವಿಳಾಸ ಹೊಡೆದು ತೆರೆಯುವುದು, ಹಿಂದಿನ ಕೋಡಿನಲ್ಲಿ 'ತೋರಿಸಬೇಡ' ಎನ್ನುವ ಸಾಲು ಇನ್ನೂ ಇದೆಯೇ ಎಂದು ನೋಡುವುದು, ಇದ್ದರೆ ಉಸಿರು ಬಿಡುವುದು. ಹೀಗೆ ಇಪ್ಪತ್ತೈದು ದಿನ.

ಇಪ್ಪತ್ತಾರನೆಯ ದಿನ ಹಳೆಯ ಮೇಸ್ತ್ರಿ ಅಂಗಡಿಗೆ ಬಂದರು. ಮಾವನ ಕೈಯಲ್ಲೇ ಕೆಲಸ ಕಲಿತವರು, ಪಾಲಾದಾಗ ತಮ್ಮನ ಕಡೆ ಹೋದವರು. ಅವರ ಕಂಕುಳಲ್ಲಿ ಸ್ವಂತ ಸ್ಕ್ರೂಡ್ರೈವರುಗಳ ಬಟ್ಟೆಯ ಸುರುಳಿಯಿತ್ತು.

"ಇಲ್ಲೇನಾದ್ರೂ ಕೆಲಸ ಇದೆಯೇನಮ್ಮ?"

"ಯಾಕೆ, ಅಲ್ಲಿ?"

"ಗಿರಾಕಿನೇ ಇಲ್ಲ. ಚಿಕ್ಕಮ್ಮಾವ್ರು ಅತ್ತುಕೊಂಡೇ ಹೇಳಿದ್ರು, ಬೇರೆ ಕಡೆ ನೋಡ್ಕೊಳ್ಳಿ ಅಂತ."

ಪುಟದಕ್ಕ ಅವರನ್ನು ಅಲ್ಲೇ ಸ್ಟೂಲಿನ ಮೇಲೆ ಕೂರಿಸಿ ಪಕ್ಕದ ಬೀದಿಗೆ ನಡೆದರು. ಹನ್ನೆರಡು ವರ್ಷದಲ್ಲಿ ಆ ಅಂಗಡಿಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಮುಂದಿನ ಮಾತುಕತೆಯನ್ನು ವಾರಗಿತ್ತಿಯರಿಬ್ಬರೂ ಒಂದೇ ರೀತಿ ಹೇಳುತ್ತಾರೆ.

"ಸೆಟ್ಟಿಂಗ್ಸ್ ತೆಗಿ. ಕೆಳಗೆ ಹೋಗು. ಆ ಟಿಕ್ ತೆಗಿ."

ಚಿಕ್ಕವರು ತೆಗೆದರು. "ಯಾವಾಗಿಂದ ಗೊತ್ತಿತ್ತು ಅಕ್ಕ?"

"ಮೊದಲ ದಿನದಿಂದ."

"ನಾನಿಲ್ಲಿ ಫೋಟೋ ಸರಿ ಇಲ್ಲ, ಬಣ್ಣ ಸರಿ ಇಲ್ಲ ಅಂತ ಸಾಯ್ತಿದ್ದೆ."

"ಫೋಟೋ ಚೆನ್ನಾಗೇ ಇದೆ. ಅದೇ ಹೊಟ್ಟೆ ಉರಿ."

ಆಗ ಚಿಕ್ಕವರು ತಮ್ಮ ಅಂಕಿಗಳ ಪಟ್ಟಿಯನ್ನು ಇವರತ್ತ ತಿರುಗಿಸಿದರು. ದಿನಕ್ಕೆ ನೂರೈವತ್ತಿದ್ದ ಓದುಗರು ಐದಾರಕ್ಕೆ ಇಳಿದಿದ್ದರು. ಅವರಲ್ಲಿ ಒಂದು ದಿನವೂ ತಪ್ಪದೆ ಬಂದವರು ಒಬ್ಬರೇ, ಬೆಳಗ್ಗೆ ಐದಕ್ಕೆ. "ಎಲ್ಲರೂ ಬಿಟ್ಟುಹೋದ್ರು, ನೀವೊಬ್ಬರು ಬಿಡಲಿಲ್ಲ. ಅಷ್ಟು ಹೊತ್ತಿಗೆ ಎದ್ದು ಸೂಜಿ ಮುರಿಯೋ ಪುಟ ಓದೋರು ಈ ಊರಲ್ಲಿ ಇನ್ಯಾರಿದ್ದಾರೆ ಅಕ್ಕ? ಮೊದಮೊದಲು ಯಾರೋ ಭಾರೀ ಗಿರಾಕಿ, ದೊಡ್ಡ ಆರ್ಡರು ಕೊಡ್ತಾರೆ ಅಂತ ಬೆಳಗಿನ ಜಾವವೇ ಫೋನ್ ಹಿಡ್ಕೊಂಡು ಕಾದಿದ್ದೆ."

"ಮೂದಲಿಸ್ತೀಯಾ?"

"ಇನ್ನೇನು ಮಾಡ್ಲಿ? ನಿಮ್ಮ ವೆಬ್‌ಸೈಟಿಗೆ ಮಧ್ಯಾಹ್ನ ಮೂರಕ್ಕೆ ದಿನಾ ಬಂದು ಅಷ್ಟೂ ಪುಟ ತೆಗೆಯೋದು ನಾನೇ."

ಪುಟದಕ್ಕ ಆ ಮೂರು ಗಂಟೆಯ ಓದುಗರನ್ನು ತಮ್ಮ ಬರವಣಿಗೆಯ ಅಭಿಮಾನಿ ಎಂದುಕೊಂಡಿದ್ದರು. ಆ ಸಮಯಕ್ಕೆ ಸರಿಯಾಗಿ ಹೊಸ ಪುಟ ಹಾಕುತ್ತಿದ್ದರು ಕೂಡ.

ಮೇಸ್ತ್ರಿ ಮರುದಿನವೇ ಹಳೆಯ ಕೆಲಸಕ್ಕೆ ಮರಳಿದ್ದಾರೆ. ವಾರಗಿತ್ತಿಯ ಅಂಗಡಿ ಹುಡುಕಾಟದಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತಿದೆ. ಮೊನ್ನೆಗೆ ನಾಲ್ಕನೆಯ ಜಾಗ. ಪುಟದಕ್ಕನ ಓದುಗರು ಮುನ್ನೂರಹತ್ತರಿಂದ ಇನ್ನೂರನಲವತ್ತಕ್ಕೆ ಇಳಿದಿದ್ದಾರೆ. ಇನ್ನೇನು ಆಸೆ ಎಂದು ಕೇಳಿದರೆ ಪೆಡಲಿನ ಮೇಲೆ ಪಾದ ಒಂದು ಕ್ಷಣ ನಿಲ್ಲುತ್ತದೆ. "ಅವಳು ಮೇಲೆ ಬರ್ಲಿ. ಮನಸಾರೆ ಹೇಳ್ತಿದೀನಿ. ಎರಡನೇ ಜಾಗದ ತನಕ ಬರ್ಲಿ."

ಮಾವ ತೀರಿಕೊಂಡು ಏಳು ವರ್ಷವಾಗಿದೆ. ಅಂದೇ ಹೇಳುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದ ಹಿರಿಯ ಸೊಸೆ ಹೇಳಿದ್ದು ಇಪ್ಪತ್ತಾರನೆಯ ದಿನ. ಮಾತು ತಪ್ಪಿದೆ.