ಲೆನ್ಸಿಗೆ ಹಚ್ಚಿದ ಕುಂಕುಮ

ಪ್ರೊಜೆಕ್ಟರ್ ರಿಪೇರಿ ನನ್ನ ಕೆಲಸ. ಆಯುಧಪೂಜೆಯ ಮರುದಿನ ದೇವದುರ್ಗದ ಟಾಕೀಸಿನಿಂದ ಆಪರೇಟರ್ ಫೋನ್ ಮಾಡಿ, ಚಿತ್ರ ಮಸುಕಾಗಿ ಕೆಂಪಗೆ ಕಾಣುತ್ತಿದೆ ಎಂದ. ರಾಯಚೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಪ್ರೊಜೆಕ್ಟರಿನಲ್ಲೇ ಇರುವ ಪರೀಕ್ಷೆಯ ಚಿತ್ರ ಹಾಕಿ ನೋಡಿದೆ, ಅದೂ ಕೆಂಪು. ಹಾಗಾದರೆ ದೋಷ ಸಿನಿಮಾದ ಫೈಲಿನದಲ್ಲ. ಬಣ್ಣದ ಸೆಟ್ಟಿಂಗ್ ತಿದ್ದಿದೆ, ಕೇಬಲ್‌ಗಳನ್ನು ಬಿಚ್ಚಿ ಮತ್ತೆ ಹಾಕಿದೆ. ಒಂದು ತಾಸು ಹಾಳಾಯಿತು. ಕೊನೆಗೆ ಲೆನ್ಸಿಗೆ ಟಾರ್ಚ್ ಹಿಡಿದರೆ, ನಟ್ಟನಡುವೆ ಹೆಬ್ಬೆರಳಗಲ, ಎಣ್ಣೆಯಲ್ಲಿ ಕಲಸಿ ಹಚ್ಚಿದ ಕುಂಕುಮ!

"ಲೇ, ಲೆನ್ಸಿಗಿ ಯಾರರ ಕುಂಕುಮ ಹಚ್ತಾರೇನು?" ಎಂದು ರೇಗಿದೆ.

"ಮತ್ತ ಮಶೀನಿಗಿ ಹಣಿ ಎಲ್ಲಿ ಅದ ಹೇಳ್ರಿ ಸರ?" ಎಂದ ಆಪರೇಟರ್.

ಲೆನ್ಸ್ ಒರೆಸಿದೆ. ಬಟ್ಟೆಗೆ ಹತ್ತಿದ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು, ಮಶೀನಿನ ಸುತ್ತ ಹಣೆ ಹುಡುಕುತ್ತಾ ನಾನೂ ಒಂದು ಸುತ್ತು ಬಂದೆ.