ಕಂಬಳಿಯ ಮೇಲೆ ಬೀಳಲು ಕಲಿಸಿದವರು

ನಮ್ಮ ಟೀಚರ್ ಅವರ ಎರಡೂ ಪಾದಗಳ ಮೇಲ್ಭಾಗದಲ್ಲಿ ರೂಪಾಯಿ ಅಗಲದ ಕಪ್ಪು ಗಟ್ಟಿ ಚರ್ಮವಿತ್ತು. ಮೊಣಕಾಲು ಮಡಚಿ ಕೂತೂ ಕೂತೂ ಆದದ್ದು. "ನಮಾಜಿಂದ ಬಂತೋ ಐಕಿಡೊದಿಂದ ಬಂತೋ, ನನಗೂ ಗೊತ್ತಿಲ್ಲ ಬೇಟಿ," ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆಗ ನನಗೆ ಬರುತ್ತಿದ್ದುದು ಸಿಟ್ಟೊಂದೇ.

ಔರಾದಿನಿಂದ ಊರಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ನನ್ನ ಮುಂಗೈ ಹಿಡಿದುಕೊಂಡಿದ್ದ. ಚಿಂತಾಕಿ ಬರುವವರೆಗೂ ಬಿಡಲಿಲ್ಲ. ಬಸ್ಸಿಗೆ ಬಸ್ಸೇ ಕಿಟಕಿಯಾಚೆ ನೋಡುತ್ತ ಕೂತಿತ್ತು. ಭಾಲ್ಕಿಯ ನಮ್ಮ ಹಾಸ್ಟೆಲಿಗೆ ಪ್ರತಿ ಭಾನುವಾರ ಬೀದರಿನಿಂದ ಒಬ್ಬ ಟೀಚರ್ ಬಂದು ಐಕಿಡೊ ಎಂಬ ಜಪಾನಿನ ಆತ್ಮರಕ್ಷಣೆಯ ವಿದ್ಯೆ ಕಲಿಸುತ್ತಾರೆಂದಾಗ, ಅಂಥವನ ಹಲ್ಲು ಉದುರಿಸಬೇಕೆಂದೇ ಮೊದಲು ಹೆಸರು ಕೊಟ್ಟವಳು ನಾನು.

ಅವರು ಕಲಿಸಿದ್ದೇನು? ಬೀಳುವುದು. ಗದ್ದ ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಉರುಳಿ ಏಳುವುದು. ವಾರಗಟ್ಟಲೆ ಅದೇ.

"ಹೊಡಿಲಾಕ ಯಾವಾಗ ಕಲಸ್ತೀರಿ?" ಎಂದೆ.

"ಹೊಡ್ಯಾದು ಇದ್ರಾಗ ಇಲ್ಲವ್ವ. ಅವ ಜೋರ್ ಮಾಡ್ತಾನ, ಹೌದಿಲ್ಲೊ? ನೀ ಹಾದಿ ಬಿಟ್ಟು ಸರಿ. ಅವನ ಜೋರ್ ಅವನೇ ಹೊತ್ಕೊಂಡು ಹೋಗ್ಲಿ. ಆದ್ರ ಬಿದ್ದವನ ತಲಿ ನಿನ್ನ ಜಿಮ್ಮಾ, ತಿಳೀತಾ?"

ನನ್ನ ಮೈಯೆಲ್ಲ ಉರಿಯಿತು. ಕೈ ಹಿಡಿದವನ ತಲೆಯನ್ನೂ ನಾನೇ ಕಾಯಬೇಕೆ?

ಹಾಸ್ಟೆಲ್ ಸಮಿತಿಯವರು ಮ್ಯಾಟ್ ಕೊಡಿಸಲಿಲ್ಲ. ಬರೀ ಫರಸಿ ಕಲ್ಲಿನ ಮೇಲೆ ಬಿದ್ದು ಎಲ್ಲರ ಭುಜ ತರಚಿದಾಗ ನಾನೇ ಊರಿನಿಂದ ಕಂಬಳಿಗಳನ್ನು ತಂದೆ. ಕುರಿ ಸಾಕುವ ಮನೆ ನಮ್ಮದು. ತಂದ ಮೇಲೆ ನನಗೇ ಅಳುಕಾಯಿತು. ನಮ್ಮಲ್ಲಿ ಕಂಬಳಿಯೆಂದರೆ ದೇವರ ಗದ್ದಿಗೆ, ಚಪ್ಪಲಿಗಾಲಲ್ಲಿ ತುಳಿದರೆ ಅಜ್ಜಿ ಕಸಬರಿಗೆ ಎತ್ತುತ್ತಿದ್ದಳು. ಅದನ್ನು ಟೀಚರಿಗೆ ಹೇಳಿದೆ. ಅವರು ಚಪ್ಪಲಿಯನ್ನು ಬಾಗಿಲಾಚೆ ಜೋಡಿಸಿಟ್ಟು, ಕಂಬಳಿಯ ಅಂಚಿನಲ್ಲಿ ಮೊಣಕಾಲೂರಿ ತಲೆ ತಗ್ಗಿಸಿದರು. "ನಮ್ಮ ವಿದ್ಯಾದಾಗೂ ಹಿಂಗೇ ಅದ. ನಮ್ಮನ್ನ ಹಿಡಿಯೋ ನೆಲಕ್ಕ ಮೊದಲು ಅದಬ್, ಮರ್ಯಾದಿ," ಎಂದರು. ಅವತ್ತಿನಿಂದ ನಾನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಒಂದು ದಿನ ಹಾಸ್ಟೆಲ್ ಸಮಿತಿಯ ಅಧ್ಯಕ್ಷರು ಬೂಟುಗಾಲಲ್ಲೇ ಕಂಬಳಿ ತುಳಿದು ಬಂದರು. ವಾರ್ಷಿಕೋತ್ಸವದಲ್ಲಿ ಹುಡುಗಿಯರು ಹಣೆಯಿಂದ ಹಂಚು ಒಡೆದು ತೋರಿಸಬೇಕಂತೆ.

"ಹಂಚು ನಮಗೇನ್ ಮಾಡ್ಯಾವ್ರಿ? ಮೊದಲು ಬೂಟ್ ಬಿಟ್ಟು ಬರ್ರಿ," ಎಂದರು ಟೀಚರ್.

ಮುಂದಿನ ಭಾನುವಾರ ನಾವು ಕಲಿಯುವ ಹಾಲ್‌ಗೆ ಅಧ್ಯಕ್ಷರು ಹಾಕಿಸಿದ ಬೀಗ. ಕಂಬಳಿಗಳೂ ಒಳಗೇ. "ಜಗಳ ಮಾಡ್ರಿ!" ಎಂದು ನಾನು ಕಿರುಚಿದೆ. ಅವರು ನನ್ನ ಬೆನ್ನು ತಟ್ಟಿ ಬೀದರ ಬಸ್ಸು ಹತ್ತಿದರು. ಹಾಗೆ ಸುಮ್ಮನೆ ಹೋದದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಹೋದ ವರ್ಷ ಕ್ಯಾನ್ಸರ್ ಅವರನ್ನು ಒಯ್ದಿತು. ಸಮಿತಿಯವರು ಅದೇ ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ನಾಚಿಕೆಯಾದರೂ ಬೇಡವೆ? ಫ್ಲೆಕ್ಸಿನ ಮೇಲೆ 'ಕರಾಟೆ ಶಿಕ್ಷಕಿ' ಎಂದು ಬರೆಸಿ, ಪಕ್ಕದಲ್ಲಿ ಹಂಚು ಒಡೆಯುವ ಯಾರದೋ ಚಿತ್ರ ಹಾಕಿಸಿದ್ದರು. ವೇದಿಕೆಗೆ ಹಾಸಿದ್ದು ನಮ್ಮ ಮನೆಯ ಕಂಬಳಿ. ಅದರ ಮೇಲೆ ಬೂಟು ತೊಟ್ಟು ನಿಂತು ಅಧ್ಯಕ್ಷರು, "ಆಕಿಗಿ ನಾನೇ ಬೆಳಸೀನಿ," ಎನ್ನುತ್ತಿದ್ದರು.

ನಾನು ಚಪ್ಪಲಿ ಬಿಟ್ಟು ವೇದಿಕೆ ಹತ್ತಿದೆ. "ಬೂಟ್ ಬಿಡ್ರಿ," ಎಂದೆ.

"ಏ, ಕೆಳಗ ಇಳಿ!" ಎಂದು ಅವರು ನನ್ನ ಮುಂಗೈ ಹಿಡಿದು ಎಳೆದರು.

ಬಸ್ಸಿನ ಆ ಕೈ ನೆನಪಾಯಿತು. ಆದರೆ ಈ ಸಲ ನಾನು ಕೊಸರಲಿಲ್ಲ. ಅವರು ಎಳೆದತ್ತಲೇ ಒಂದು ಹೆಜ್ಜೆ ಹೋಗಿ ಸೊಂಟ ತಿರುಗಿಸಿದೆ. ಅವರ ಜೋರು ಅವರನ್ನೇ ಕಂಬಳಿಯಾಚೆಗೆ ಒಯ್ದು ವೇದಿಕೆಯ ಬರಿ ನೆಲದ ಮೇಲೆ ಕೂರಿಸಿತು. ತಲೆ ತಾಗದಂತೆ ನನ್ನ ಇನ್ನೊಂದು ಕೈ ತಾನಾಗಿಯೇ ಅವರ ಕುತ್ತಿಗೆಯ ಹಿಂದೆ ಹೋಗಿತ್ತು.

ಅವರಿಗೆ ಒಂದು ಗೀರೂ ಆಗಲಿಲ್ಲ. ಹಲ್ಲು ಉದುರಿಸುವಷ್ಟು ಸಿಟ್ಟು ನನ್ನಲ್ಲಿ ಅವತ್ತೂ ಇತ್ತು, ಈಗಲೂ ಇದೆ. ಏನು ಮಾಡಲಿ, ಆ ಮಹಾತಾಯಿ ಅದೊಂದನ್ನು ಕಲಿಸಲೇ ಇಲ್ಲ.