ಮೊದಲ ಪುಟಕ್ಕೊಂದು ದೃಷ್ಟಿಬೊಟ್ಟು

ಈ ನೆನಪನ್ನು ಎಣ್ಣೆಯ ಘಮದಿಂದ ಶುರುಮಾಡಿದ್ದೆ, ಅಳಿಸಿದೆ. ಘಮದಿಂದ ಶುರುವಾಗುವ ನೆನಪನ್ನು ಮೊದಲ ಪುಟಕ್ಕೆ ಬರಲೆಂದೇ ಯಾರೋ ತಿದ್ದಿರುತ್ತಾರೆ ಎಂದು ನನಗೆ ಅನುಮಾನ. ಹಾಗೆ ತಿದ್ದುವುದು ನನ್ನ ಕಸುಬು ಕೂಡ. ಮಧುಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿಯೊಂದರ ಮಹಡಿಯಲ್ಲಿ ಕೂತು, ಸುತ್ತಲ ಅಂಗಡಿಗಳವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ನೆಟ್‌ನಲ್ಲಿ ಯಾರಾದರೂ ಹುಡುಕಿದರೆ ಅವು ಮೇಲೆ ಕಾಣುವಂತೆ ನೋಡಿಕೊಳ್ಳುತ್ತೇನೆ. ಅಥವಾ, ನೋಡಿಕೊಳ್ಳುತ್ತೇನೆ ಎಂದು ಹೇಳುತ್ತೇನೆ.

ಕೊಡಿಗೇನಹಳ್ಳಿಯಲ್ಲಿ ಅಕ್ಕ ಒಬ್ಬರು ಮರದ ಗಾಣ ಇಟ್ಟಿದ್ದರು. ಮೋಟಾರಿನಿಂದ ತಿರುಗುವ ಗಾಣ, ಕಡಲೆಕಾಯಿ ಎಣ್ಣೆ. ಗಂಡ ಲಾರಿ ಡ್ರೈವರು, ಊರಲ್ಲಿ ಇರುತ್ತಿದ್ದದ್ದೇ ಅಪರೂಪ. ಗಾಣದ ಶೆಡ್ಡು ಅಣ್ಣ ತಮ್ಮ ಇಬ್ಬರಿಗೂ ಸೇರಿದ್ದು. ಮೈದುನನಿಗೆ ಅಲ್ಲಿ ಬೈಕ್ ತೊಳೆಯುವ ವಾಟರ್ ಸರ್ವೀಸ್ ಇಡುವಾಸೆ. ಎಣ್ಣೆ ಹೋಬಳಿ ದಾಟಿ ಮಾರಾಟವಾಗದಿದ್ದರೆ ಯುಗಾದಿಗೆ ಅಕ್ಕ ಗಾಣ ಎತ್ತಿ ಶೆಡ್ಡು ಬಿಟ್ಟುಕೊಡಬೇಕು, ಇದು ಮನೆಯವರ ಮುಂದೆ ಆಗಿದ್ದ ಮಾತು. ಅದಕ್ಕೇ ವೆಬ್‌ಸೈಟ್ ಮಾಡಿಕೊಡೆಂದು ಅಕ್ಕ ನನ್ನನ್ನು ಕರೆಸಿದ್ದರು.

ಗಾಣದ ಸದ್ದಿನ ನಡುವೆ ನಾನು ವಿವರಿಸಿದೆ. "ನೋಡಿ ಅಕ್ಕ, ಈ ಸರ್ಚ್ ಇಂಜಿನ್ ಮೊದಲೇ ಎಲ್ಲಾ ಸೈಟ್ ಸುತ್ತಿ, ಎಲ್ಲಿ ಏನಿದೆ ಅಂತ ಗುರುತು ಹಾಕ್ಕೊಂಡಿರುತ್ತೆ. ಯಾರಾದ್ರೂ ಕೇಳಿದಾಗ ಅದರಲ್ಲೇ ಆರಿಸಿ ತೋರಿಸುತ್ತೆ. ಯಾರನ್ನ ಮುಂದೆ ಇಡಬೇಕು ಅನ್ನೋದಕ್ಕೆ, ಬೇರೆ ಸೈಟಿನೋರು ನಿಮ್ಮ ಕಡೆ ಕೈ ತೋರಿಸ್ತಾರಾ ಅಂತಲೂ ನೋಡುತ್ತೆ."

"ಹೆಣ್ ನೋಡಾಕ್ ಬರೋರಂಗೆ ಅನ್ನು," ಅಂದರು ಅಕ್ಕ, ಹಿಂಡಿ ಬಾಚುತ್ತಾ. "ನಮ್ಮುನ್ನ ಕೇಳಕಿಲ್ಲ, ಪಕ್ಕದ್ ಮನೇರ್ನ ಇಚಾರುಸ್ಕಂಡೇ ಬತ್ತಾರೆ."

ನಾನು ಬರೆದ ಪುಟದಲ್ಲಿ 'ಕರ್ನಾಟಕದ ನಂಬರ್ ಒನ್ ಶುದ್ಧ ಗಾಣದ ಎಣ್ಣೆ' ಎಂಬುದು ಸಾಲು ಬಿಟ್ಟು ಸಾಲಿಗೆ ಬರುತ್ತಿತ್ತು. 'ಶುದ್ಧ' ಎಷ್ಟು ಸಲ ಬಂದಿತ್ತೆಂದರೆ ಓದಿದವರಿಗೆ ಕಲಬೆರಕೆಯ ಯೋಚನೆಯೇ ಬರಬೇಕು. ಕೆಳಗೆ ಗ್ರಾಹಕರ ಅಭಿಪ್ರಾಯಕ್ಕೆ ಜಾಗ. ಅಲ್ಲಿ ಮಿಡಿಗೇಶಿಯ ನೆಂಟರು ಹೊಗಳಿದ್ದರು, ಪಾವಗಡದ ನೆಂಟರು "ಚಾಲಾ ಬಾಗುಂದಿ" ಎಂದು ತೆಲುಗಿನಲ್ಲಿ ಹೊಗಳಿದ್ದರು. ಸರ್ಚ್ ಇಂಜಿನ್ ನಮ್ಮನ್ನು ಯಾರೂ ತೆರೆಯದ ಯಾವುದೋ ಹಿಂದಿನ ಪುಟದಲ್ಲಿ ಕೂರಿಸಿತು. ಹೊರಗಿನಿಂದ ಒಂದು ಫೋನೂ ಇಲ್ಲ.

ಅಕ್ಕ ಅಭಿಪ್ರಾಯಗಳನ್ನೆಲ್ಲ ಓದಿಸಿಕೊಂಡು ಕಾರಣ ಕಂಡುಹಿಡಿದರು. "ಬರೀ ಹೊಗಳಿಕೇನೇ ತುಂಬೈತೆ. ಕಣ್ ಬೀಳ್ದೆ ಇನ್ನೇನಾದಾದು? ಯಾರ್ ಕೈಲಾದ್ರೂ ಒಂದು ಬೈಗ್ಳ ಬರುಸ್ಬೇಕು ಕಣಪ್ಪ."

"ಬೈದಿದ್ದನ್ನ ಓದಿದ್ರೆ ಯಾರು ಕೊಳ್ತಾರೆ ಅಕ್ಕ?"

"ಹೊಸಾ ಮನೆ ಮುಂದೆ ಬೂದ್ಗುಂಬ್ಳಕಾಯಿ ಕಟ್ಟಕಿಲ್ವಾ? ಅದುನ್ನ ನೋಡಿ ಯಾರಾದ್ರೂ ಮನೆ ಒಳೀಕ್ ಬರ್ದಂಗ್ ಓಗವ್ರಾ?"

ಮೈದುನ ಅಲ್ಲೇ ಟೇಪು ಹಿಡಿದು ಬಾಗಿಲಗಲ ಅಳೆಯುತ್ತಿದ್ದ. ಅಕ್ಕ ಕೂಗಿದರು: "ಲೇ, ಬಾರ್ಲಾ ಇಲ್ಲಿ. ನಮ್ ಎಣ್ಣೆ ಮ್ಯಾಲೆ ಒಸಿ ಬೈದು ಬರ್ದ್‌ಬುಡು. ಜಾಸ್ತಿ ಬ್ಯಾಡ, ಬೊಟ್ಟಿನಷ್ಟು."

"ಬೊಟ್ಟಿನಷ್ಟು ಯಾಕತ್ಗೆ, ಮಖಕ್ಕೆಲ್ಲಾ ಬಳಿದ್‌ಬುಡ್ತೀನಿ."

ಬಳಿದೇ ಬಿಟ್ಟ. ಎಣ್ಣೆಯ ತಳದಲ್ಲಿ ಮಡ್ಡಿ ಕೂರುತ್ತದೆ, ಬೋಂಡ ಬಿಟ್ಟರೆ ನೊರೆ ಉಕ್ಕುತ್ತದೆ, ವಾಸನೆ ಬೀದಿಯ ಕೊನೆಗೂ ಹೋಗುತ್ತದೆ, ಪ್ಯಾಕೆಟ್ ಎಣ್ಣೆ ಹೀಗಲ್ಲ, ಇದು ಮಾತ್ರ ಯಾಕೆ ಹೀಗೆ? ಬೊಟ್ಟು ಇಡಿಸಿದ್ದು ತಾವೇ ಆದರೂ ಅಕ್ಕನಿಗೆ ತಡೆಯಲಾಗಲಿಲ್ಲ. ಕೆಳಗೆ ಉತ್ತರ ಬರೆಸಿದರು: ಮಡ್ಡಿ ಅಂದರೆ ಕಡಲೆಕಾಯಿಯದೇ ಹಿಟ್ಟು, ಅಲ್ಲಾಡಿಸದೆ ಮೇಲಿನಿಂದ ಬಗ್ಗಿಸಿಕೋ; ಬಾಣಲೆಗೆ ಅರ್ಧದಷ್ಟೇ ಹಾಕು, ಉರಿ ಸಣ್ಣಗಿರಲಿ; ವಾಸನೆ ಬೇಡವಾದರೆ ಕಡಲೆಕಾಯಿ ಎಣ್ಣೆ ಯಾಕೆ ತಗೊಂಡೆ?

ಆಮೇಲೆ ಫೋನು ಬರತೊಡಗಿತು, ತುಮಕೂರಿನಿಂದ, ಹಿಂದೂಪುರದಿಂದ, ಬೆಂಗಳೂರಿನಿಂದ. "ಮಡ್ಡಿ ಕೂರೋ ಎಣ್ಣೆ ನಿಮ್ದೇನಾ?" ಎಲ್ಲೆಲ್ಲೋ ಗಾಣದೆಣ್ಣೆ ಕೊಂಡವರು ತಳ ನೋಡಿ ಗಾಬರಿಯಾಗಿ, ಹೆಚ್ಚುಕಡಿಮೆ ಮೈದುನನ ಮಾತುಗಳಲ್ಲೇ ನೆಟ್‌ನಲ್ಲಿ ಕೇಳುತ್ತಿದ್ದರು. 'ನಂಬರ್ ಒನ್ ಶುದ್ಧ' ಎಂದು ಯಾವ ಮನುಷ್ಯನೂ ಕೇಳುತ್ತಿರಲಿಲ್ಲ. ಪ್ರಶ್ನೆಯೂ ಉತ್ತರವೂ ಒಂದೇ ಕಡೆ ಸಿಕ್ಕಿದ್ದರಿಂದ ಸರ್ಚ್ ಇಂಜಿನ್ ಆ ಪುಟವನ್ನು ಮೇಲೆತ್ತಿತು. ಅಡುಗೆಯ ಸೈಟೊಂದು ಅದರ ಲಿಂಕ್ ಕೊಟ್ಟ ಮೇಲೆ ಇನ್ನೂ ಮೇಲೆ. ಅಕ್ಕನ ಲೆಕ್ಕದಲ್ಲಿ, ಪಕ್ಕದ ಮನೆಯವರು ಒಳ್ಳೆಯ ಮಾತು ಹೇಳಿದ್ದರು.

ಇಷ್ಟು ಬರೆದು ಓದಿದರೆ ಎಲ್ಲವೂ ತೀರಾ ಚೆನ್ನಾಗಿ ಕೂಡಿಕೊಂಡಿದೆ. ಆದ್ದರಿಂದ ನಾನೂ ಒಂದು ಬೊಟ್ಟಿಡುತ್ತೇನೆ: ಮೈದುನನ ಕೈಯಲ್ಲಿ ಅವತ್ತು ಟೇಪು ಇತ್ತೋ ಇಲ್ಲವೋ ಗೊತ್ತಿಲ್ಲ. ಇದ್ದರೆ ಚೆನ್ನಾಗಿರುತ್ತದೆ ಎಂದು ಈಗ ನಾನೇ ಹಿಡಿಸಿರಬಹುದು. ಫೋನುಗಳು ಬಂದದ್ದಂತೂ ನಿಜ, ಯುಗಾದಿ ಕಳೆದರೂ ಗಾಣ ತಿರುಗುತ್ತಿದ್ದದ್ದೂ ನಿಜ.

ಮಾತಿನಂತೆ ಮೈದುನ ಶೆಡ್ಡು ಕೇಳಲಿಲ್ಲ. ತನ್ನ ಬೈಗುಳದಿಂದಲೇ ಎಣ್ಣೆ ಮಾರುತ್ತಿದೆಯೆಂಬ ಸಂಕಟಕ್ಕೆ, ಅದನ್ನು ತೆಗೆಸು ಎಂದು ಮಾತ್ರ ಅತ್ತಿಗೆಯನ್ನು ಗೋಗರೆದ.

"ದೃಷ್ಟಿ ಬೊಟ್ಟ ಯಾರಾದ್ರೂ ಒರಸ್ತಾರೇನ್ಲಾ? ಓಗು, ಆ ಡಬ್ಬ ಬಸ್ಸಿಗಾಕ್ಬುಟ್ಟು ಬಾ."

ಆಮೇಲೆ ಅವನು ರಸ್ತೆ ಬದಿಯಲ್ಲಿ ಬೇರೆ ಜಾಗ ಹಿಡಿದು ವಾಟರ್ ಸರ್ವೀಸ್ ಇಟ್ಟ. ವೆಬ್‌ಸೈಟ್ ಬೇಕೆಂದು ನನ್ನ ಮಹಡಿ ಹತ್ತಿ ಬಂದ. ಸರ್ಚ್ ಇಂಜಿನ್ ಹೇಗೆ ಕೆಲಸ ಮಾಡುತ್ತದೆಂದು ನಾನು ಶುರುಮಾಡುವುದರೊಳಗೇ ಅವನ ಪ್ರಶ್ನೆ ಬಂತು.

"ಅದಿರ್ಲಿ ಸಾ, ನಂಗೆ ಬೈಯೋರ್ ಯಾರು?"

ಅಕ್ಕನ ನಂಬರ್ ಒತ್ತಿದೆ. ಅವರು ಬೈಗುಳವನ್ನು ಮೊದಲೇ ಯೋಚಿಸಿಟ್ಟಿದ್ದರು.